ಮಾವನ ಎಡಗಡೆ

ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ನನ್ನ ಹೆಂಡತಿ ಆರ್ಡಿತ್ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಇದು ಸುಳ್ಳು. ನನಗಿರುವುದು ನ್ಯಾಯದ ಪ್ರಜ್ಞೆ. ಅದು ನನ್ನ ಷಡ್ಡಕ ಕ್ರಾಫರ್ಡನನ್ನು ಕಂಡಾಗ ಮಾತ್ರ ಎಚ್ಚರಗೊಳ್ಳುತ್ತದೆ ಎಂಬುದು ಬೇರೆ ವಿಷಯ.

ಮಾವನಿಂದಲೇ ಶುರುಮಾಡಬೇಕು. ನಮ್ಮ ಮಾವ ಓರ್ವಲ್‌ಗೆ ಎಂಬತ್ತನಾಲ್ಕು ವರ್ಷ. ಅಮೆರಿಕದ ವಯೋಮಿಂಗ್ ರಾಜ್ಯದ ನಮ್ಮ ಹ್ಯಾಡ್ಲಿ ಫೋರ್ಕ್ ಊರಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಮಟ್ಟಿಗೆ ಅವರು ಹೇಳಿದ್ದೇ ವೇದವಾಕ್ಯ. ಅಕ್ಟೋಬರ್ ಹದಿನೈದು, ಬೇಟೆಯ ಕಾಲ ಶುರುವಾಗುವ ದಿನ. ಆ ಬೆಳಗ್ಗೆ ಅವರು ಶಿಬಿರದಿಂದ ಹೊರಟು, ಹಿಂದೆ ಮರ ಸಾಗಿಸುತ್ತಿದ್ದ ಅಗಲವಾದ ದಾರಿಯಲ್ಲಿ ಮೇಲಿನ ದಿಣ್ಣೆಗೆ ನಡೆದು ಹೋಗುತ್ತಾರೆ. ಅವರ ಬಲಗಿವಿಯನ್ನು ಬಹಳ ಹಿಂದೆಯೇ ಒಂದು ಹೇಸರಗತ್ತೆ ಒದ್ದು ಕೆಡಿಸಿದೆ. ಕೇಳಿಸುವುದು ಎಡಗಿವಿ ಮಾತ್ರ. ಹಾಗಾಗಿ ಅವರ ಬಲಗಡೆ ಯಾರು ಬೇಕಾದರೂ ನಡೆಯಬಹುದು, ಅಲ್ಲಿ ಆಡಿದ ಮಾತು ಪೈನ್ ಮರಗಳಿಗಷ್ಟೇ ಕೇಳಿಸುತ್ತದೆ. ಎಡಗಡೆ ನಡೆಯುವವನು ಅಳಿಯ. ಇಪ್ಪತ್ತೆಂಟು ವರ್ಷ ಆ ಎಡಗಡೆ ನನ್ನದಾಗಿತ್ತು. ಶಾಲೆಯ ಬಸ್ ಓಡಿಸುವವನ ಮಾತಿಗೆ ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಯಾರೂ ಕಿವಿಗೊಡುವುದಿಲ್ಲ. ಉಳಿದ ಒಂದು ದಿನ, ಒಂದು ಗಂಟೆ ಹೊತ್ತು, ಒಂದು ಕಿವಿ ನನ್ನದು.

ಹೀಗಿರುವಾಗ ನನ್ನ ನಾದಿನಿ ನೇಡೀನ್ ಎರಡನೇ ಮದುವೆಯಾದಳು. ಗಂಡ ಕ್ರಾಫರ್ಡ್, ದೂರದ ಜಾರ್ಜಿಯಾ ರಾಜ್ಯದ ದಂತವೈದ್ಯ. ಬಂದವನೇ ನಮ್ಮ ಅತ್ತೆ ಬ್ಯೂಲಾ ಅವರ ಕಟ್ಟಿದ ಹಲ್ಲು ಸಡಿಲವಾಗಿದ್ದನ್ನು ನೋಡಿ, ಅಡುಗೆಮನೆಯಲ್ಲೇ ಕೂರಿಸಿ, ಸರಿಮಾಡಿಬಿಟ್ಟ. ಹತ್ತು ವರ್ಷದಿಂದ ಜೋಳದ ತೆನೆ ಮುಟ್ಟದ ಅತ್ತೆ ಈಗ ದಿನಾ ಎರಡು ತೆನೆ ಕಡಿಯುತ್ತಾರೆ. ಕಡಿಯುವಾಗಲೆಲ್ಲ ಕ್ರಾಫರ್ಡನ ಕಡೆ ನೋಡುತ್ತಾರೆ. ನಾನು ಅವರ ಮನೆಯ ಚಾವಣಿ ಎರಡು ಸಲ ಹೊದಿಸಿಕೊಟ್ಟಿದ್ದೇನೆ. ಚಾವಣಿಯಿಂದ ಯಾರೂ ತೆನೆ ಕಡಿಯುವುದಿಲ್ಲ, ಏನು ಮಾಡುವುದು.

ಈ ವರ್ಷ ಕ್ರಾಫರ್ಡ್ ಬೇಟೆಗೆಂದೇ ಬಂದ. ಅಕ್ಟೋಬರ್ ಮೊದಲ ಭಾನುವಾರ ಮಾವನ ಮನೆಯಲ್ಲಿ ಊಟ. ಎಲ್ಲರೂ ಕೂತಿದ್ದಾಗ ಮಾವ ಆಲೂಗಡ್ಡೆ ಬಡಿಸಿಕೊಳ್ಳುತ್ತಾ, "ಈ ಸಲ ಎಡಗಡೆ ಕ್ರಾಫರ್ಡ್ ಬಂದ್ರೂ ಆಯ್ತು. ನೋಡೋಣ" ಎಂದರು.

ನನ್ನ ಮುಳ್ಳುಚಮಚ ನಿಂತುಹೋಯಿತು.

"ನನಗೇನು ಅಭ್ಯಂತರ ಇಲ್ಲ, ಮಾವ" ಎಂದೆ. "ಆದ್ರೆ ಹೊರರಾಜ್ಯದವರಿಗೆ ಕಾನೂನು ಬಹಳ ಇದೆ. ಪಾಪ, ಅವನಿಗೆ ತೊಂದರೆ ಆಗ್ಬಾರ್ದು ಅಂತ ಹೇಳ್ದೆ."

ಮಾವ ನಕ್ಕರು. "ಅದಕ್ಕೇನು. ನನ್ನ ಶಿಬಿರದಲ್ಲಿ ಒಂದೇ ಕಾನೂನು. ಕಾಗದ ಸರಿ ಇದ್ದವನು ಬೆಟ್ಟ ಹತ್ತಬೇಕು. ಕಾಗದ ಸರಿ ಇಲ್ಲದವನು ಒಲೆ ಮುಂದೆ ಕೂತು ಪ್ಯಾನ್‌ಕೇಕ್ ಹೊಯ್ಯಬೇಕು."

ಆ ವಾಕ್ಯ ಕಿವಿಗೆ ಜೇನು ಸುರಿದಂತಾಯಿತು. ಅದು ಯಾರಿಗೆ ತಿರುಗುತ್ತದೆ ಎಂದು ಆಗ ನನಗೇನು ಗೊತ್ತು.

ಮನೆಗೆ ಬಂದವನೇ ಬೇಟೆ ನಿಯಮಗಳ ಪುಸ್ತಕ ಹುಡುಕಿದೆ. ಪ್ರತಿ ವರ್ಷ ಪುಕ್ಕಟೆ ಕೊಡುತ್ತಾರೆ, ನಾನು ಅದನ್ನು ಒಲೆ ಹೊತ್ತಿಸಲು ಇಟ್ಟುಕೊಳ್ಳುತ್ತಿದ್ದೆ. ಜೀವಮಾನದಲ್ಲಿ ಮೊದಲ ಸಲ ಓದಿದೆ. ಆರ್ಡಿತ್ ಬಾಗಿಲಲ್ಲಿ ನಿಂತು ನೋಡಿದಳು.

"ಮದುವೆ ದಿನ ಪಾದ್ರಿ ಕೊಟ್ಟ ಕಾಗದನೂ ನೀನು ಓದಿರಲಿಲ್ಲ" ಎಂದಳು.

"ಅದರಲ್ಲಿ ದಂಡದ ವಿಷಯ ಇರಲಿಲ್ಲ."

"ಇತ್ತು. ನೀನು ಓದಿರಲಿಲ್ಲ ಅಷ್ಟೆ."

ಮೊದಲ ಗುಂಡು ನಾನು ಹಾರಿಸಿದ್ದು ಅಂಗಿಯ ಮೇಲೆ. ಬೇಟೆಗಾರ ದೂರಕ್ಕೆ ಕಾಣಲೆಂದು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಬಟ್ಟೆ ಹಾಕಬೇಕು. ಕ್ರಾಫರ್ಡ್ ತಂದಿದ್ದು ಕಣ್ಣು ಕುಕ್ಕುವ ಗುಲಾಬಿ ಅಂಗಿ. ಮಂಗಳವಾರ ಅವನ ಮುಂದೆ ಪುಸ್ತಕ ಬಿಚ್ಚಿ, ಮುಖ ಸಪ್ಪಗೆ ಮಾಡಿಕೊಂಡು, "ಇದು ನಡೆಯಲ್ಲ, ತಮ್ಮಾ" ಎಂದೆ.

ಅವನು ವಿನಯದಿಂದ ಪುಸ್ತಕ ತೆಗೆದುಕೊಂಡು ಎರಡು ಹಾಳೆ ಮಗುಚಿದ. "ಇಲ್ಲಿ ಗುಲಾಬಿನೂ ಆಗುತ್ತೆ ಅಂತ ಇದೆ, ಲೋವೆಲ್ ಅವರೇ. ನೇಡೀನ್‌ಗೆ ಇಷ್ಟ ಅಂತ ಹಾಕ್ಕೊಂಡೆ. ನಿಮಗೂ ಒಂದು ತಂದಿದ್ದೀನಿ." ತಂದಿದ್ದ ಕೂಡ. ಅಳತೆ ಸರಿಯಾಗಿತ್ತು.

ಎರಡನೆಯದು ಬೇಟೆ ಶಿಕ್ಷಣದ ಕಾರ್ಡು. ನಮ್ಮಲ್ಲಿ 1966ರ ಜನವರಿ ಒಂದರಂದು ಅಥವಾ ಆಮೇಲೆ ಹುಟ್ಟಿದವರು ಬಂದೂಕು ಹಿಡಿದು ಬೇಟೆಯಾಡಬೇಕಾದರೆ ಕ್ಲಾಸಿಗೆ ಹೋಗಿ, ಪರೀಕ್ಷೆ ಬರೆದು, ಆ ಕಾರ್ಡು ಪಡೆದಿರಬೇಕು. ಹೊರಗಿನಿಂದ ಬಂದವರಿಗೂ ಬಿಡುವುದಿಲ್ಲ. ಕ್ರಾಫರ್ಡ್ ಪ್ಲಾಸ್ಟಿಕ್ ಫೈಲೊಂದನ್ನು ತೆರೆದ. ಜಾರ್ಜಿಯಾದ ಕಾರ್ಡು, ನಮ್ಮಲ್ಲೂ ಸಲ್ಲುವಂಥದ್ದು, ಮೇಲೆ ಪಾರದರ್ಶಕ ಹಾಳೆ ಅಂಟಿಸಿಕೊಂಡು ಬೆಚ್ಚಗೆ ಕೂತಿತ್ತು.

ಕೊನೆಯದು ಪಿಸ್ತೂಲು. ಅವನು ಸೊಂಟದಲ್ಲೊಂದು ಸಣ್ಣ ಪಿಸ್ತೂಲು ಇಟ್ಟುಕೊಳ್ಳುತ್ತಿದ್ದ, ಕರಡಿ ಬಂದರೆ ಇರಲಿ ಎಂದು. "ಹೊರಗಿನವರು ಅಂಗಿಯೊಳಗೆ ಪಿಸ್ತೂಲು ಇಟ್ಕೊಳ್ಳೋಕೆ ಕ್ಯಾರಿ ಪರವಾನಗಿ ಬೇಕು, ಗೊತ್ತಾ?" ಎಂದೆ. ಅವನು ಫೈಲಿನ ಮುಂದಿನ ಹಾಳೆ ತಿರುಗಿಸಿದ. ಅದೂ ಇತ್ತು. ಅದೂ ನಮ್ಮಲ್ಲಿ ಸಲ್ಲುತ್ತಿತ್ತು. ಅದರಲ್ಲಿನ ಫೋಟೋದಲ್ಲಿ ಕೂಡ ಅವನು ಚೆನ್ನಾಗಿ ಕಾಣುತ್ತಿದ್ದ. ಸರ್ಕಾರಿ ಫೋಟೋದಲ್ಲಿ ಚೆನ್ನಾಗಿ ಕಾಣುವ ಮನುಷ್ಯನನ್ನು ನಂಬಬಾರದು ಎಂದು ಆಗಲೇ ನನಗೆ ಖಚಿತವಾಯಿತು.

ಆದ್ದರಿಂದ ಬುಧವಾರ ನಾನು ಬೇಟೆಯ ಕಾನೂನು ನೋಡಿಕೊಳ್ಳುವ ಸರ್ಕಾರಿ ವಾರ್ಡನ್ ಇನೆಸ್‌ಗೆ ಫೋನ್ ಮಾಡಿದೆ.

"ನಮ್ಮ ಶಿಬಿರದಲ್ಲಿ ಹೊರರಾಜ್ಯದವನೊಬ್ಬ ಇದ್ದಾನೆ" ಎಂದೆ. "ನಾನು ಯಾರ ಮೇಲೂ ದೂರು ಹೇಳ್ತಿಲ್ಲ. ಆದ್ರೆ ಕಾನೂನು ಎಲ್ಲರಿಗೂ ಒಂದೇ ಅಲ್ವಾ? ಎಲ್ಲರ ಕಾಗದನೂ ಒಂದ್ಸಲ ನೋಡಿಬಿಟ್ರೆ ಒಳ್ಳೇದು."

"ಎಲ್ಲರದ್ದೂ?" ಎಂದಳು.

"ಎಲ್ಲರದ್ದೂ" ಎಂದೆ. ಗುಂಡಿ ತೋಡುವಾಗ ಅಳತೆ ತೆಗೆದುಕೊಂಡಿದ್ದರೆ ಅದು ನನ್ನದೇ ಅಳತೆ ಎಂದು ತಿಳಿಯುತ್ತಿತ್ತು.

ಇಲ್ಲಿ ನನ್ನ ಹುಟ್ಟಿನ ವಿಷಯ ಹೇಳಬೇಕಾಗುತ್ತದೆ. ನಾನು ಹುಟ್ಟಿದ್ದು 1965ರ ಕೊನೆಯ ರಾತ್ರಿ, ಹೆಚ್ಚುಕಮ್ಮಿ ಹನ್ನೆರಡಕ್ಕೆ. ಡಿಸೆಂಬರ್ ಮೂವತ್ತೊಂದಕ್ಕೆ ಹುಟ್ಟಿದ ಮಗುವಿಗೂ ಅಪ್ಪನಿಗೆ ಇಡೀ ವರ್ಷದ ತೆರಿಗೆ ವಿನಾಯಿತಿ ಸಿಗುತ್ತದೆ. ಹಾಗಾಗಿ ನನ್ನ ಅಪ್ಪ ವೈದ್ಯರಿಂದ ಹನ್ನೆರಡಕ್ಕೆ ಎರಡು ನಿಮಿಷ ಇದ್ದಾಗ ಎಂದು ಬರೆಸಿಕೊಂಡ. ಊರಿನ ಪತ್ರಿಕೆಯವರು ವರ್ಷದ ಮೊದಲ ಮಗುವಿಗೆ ಬೆಳ್ಳಿ ಚಮಚ, ಕೌದಿ, ಒಂದು ಪೆಟ್ಟಿಗೆ ಪೀಚ್ ಹಣ್ಣಿನ ಡಬ್ಬಿ ಕೊಡುತ್ತಿದ್ದರು. ಹಾಗಾಗಿ ನನ್ನ ಅಮ್ಮ ಪತ್ರಿಕೆಯವರಿಗೆ ಹನ್ನೆರಡು ದಾಟಿ ಎರಡು ನಿಮಿಷ ಎಂದು ಹೇಳಿದಳು. ಪ್ರಮಾಣಪತ್ರದಲ್ಲಿ ನಾನು 1965ರವನು, ಕ್ಲಾಸಿನ ಕಾಟವಿಲ್ಲ. ಊರಿನ ಕೆಫೆಯ ಗೋಡೆಯ ಮೇಲೆ, ಚೌಕಟ್ಟು ಹಾಕಿದ ಪತ್ರಿಕೆಯ ತುಣುಕಿನಲ್ಲಿ, ಫೋಟೋ ಸಮೇತ, ನಾನು 1966ರ ಮೊದಲ ಮಗು. ಎರಡೂ ಸೌಕರ್ಯವನ್ನು ಐವತ್ತಮೂರು ವರ್ಷ ನೆಮ್ಮದಿಯಾಗಿ ಅನುಭವಿಸಿದ್ದೆ. ಎರಡೂ ಕಾಗದ ಒಂದೇ ಕೋಣೆಯಲ್ಲಿ ಎಂದೂ ಎದುರುಬದುರಾಗಿರಲಿಲ್ಲ.

ಗುರುವಾರ ಬೆಳಗ್ಗೆ ಆದವು. ಕೆಫೆಯಲ್ಲಿ ಮಾವ, ನಾನು, ಕ್ರಾಫರ್ಡ್ ಮೊಟ್ಟೆ ತಿನ್ನುತ್ತಿದ್ದೆವು. ಪಕ್ಕದ ಮೇಜಿನಲ್ಲಿ ವರ್ನೀಟಾ ಕೂತಿದ್ದಳು. ವರ್ನೀಟಾ ಊರಿನ ಬೇಟೆ ಶಿಕ್ಷಣದ ಟೀಚರು. ಅದಕ್ಕಿಂತ ಮುಖ್ಯವಾಗಿ ಅವಳು ಹುಟ್ಟಿದ್ದು ಅದೇ ಆಸ್ಪತ್ರೆಯಲ್ಲಿ, 1966ರ ಜನವರಿ ಒಂದು, ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ. ವರ್ಷದ ಎರಡನೇ ಮಗು. ಎರಡನೇ ಮಗುವಿಗೆ ಏನೂ ಕೊಡುವುದಿಲ್ಲ. ಅವಳು ಈ ಊರಿನಲ್ಲಿ ಐವತ್ತಮೂರು ವರ್ಷ ನನ್ನ ಫೋಟೋದ ಕೆಳಗೆ ಕೂತು ಕಾಫಿ ಕುಡಿದಿದ್ದಾಳೆ.

ಇನೆಸ್ ಟೋಪಿ ತೆಗೆದು ಒಳಗೆ ಬಂದಳು. "ದೂರು ಬಂದಿದೆ. ಎಲ್ಲರ ಕಾಗದ ನೋಡ್ಬೇಕಂತೆ."

ಕ್ರಾಫರ್ಡ್ ಎದ್ದು ನಿಂತು ಫೈಲು ಕೊಟ್ಟ. ಅವಳು ಹಾಳೆ ಹಾಳೆ ತಿರುಗಿಸಿದಳು. ತಿರುಗಿಸುತ್ತಾ ತಿರುಗಿಸುತ್ತಾ ಅವಳ ಮುಖ ಅರಳಿತು. "ಹನ್ನೊಂದು ವರ್ಷದ ಕೆಲಸದಲ್ಲಿ ಇಂಥ ಫೈಲು ನೋಡಿಲ್ಲ. ಇದರ ಫೋಟೋ ತಗೊಳ್ಳಲಾ? ನಮ್ಮ ಆಫೀಸಲ್ಲಿ ತೋರಿಸ್ಬೇಕು."

"ಖಂಡಿತ, ಮೇಡಂ" ಎಂದ ಕ್ರಾಫರ್ಡ್.

ಮಾವ ಅಭಿಮಾನದಿಂದ ಮೀಸೆ ಒರೆಸಿಕೊಂಡರು. ನಾನು ಮೊಟ್ಟೆಯ ತಟ್ಟೆ ಪಕ್ಕಕ್ಕೆ ತಳ್ಳಿದೆ.

"ಈಗ ನಿನ್ನದು, ಲೋವೆಲ್" ಎಂದಳು ಇನೆಸ್. ಪರವಾನಗಿ ಕೊಟ್ಟೆ. ನೋಡಿ ನಕ್ಕಳು. "ಮೂವತ್ತೊಂದು ಡಿಸೆಂಬರ್ ಅರವತ್ತೈದು. ಒಂದು ದಿನದಲ್ಲಿ ಕ್ಲಾಸ್ ತಪ್ಪಿಸ್ಕೊಂಡಿದ್ದೀಯ. ಅದೃಷ್ಟವಂತ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕ್ರಾಫರ್ಡ್‌ಗೆ ನನ್ನ ಬಗ್ಗೆ ಒಳ್ಳೆಯ ಮಾತಾಡುವ ಕೆಟ್ಟ ಅಭ್ಯಾಸವಿದೆ. "ಮೇಡಂ, ಲೋವೆಲ್ ಅವರು ಅದಕ್ಕಿಂತ ದೊಡ್ಡ ಅದೃಷ್ಟವಂತರು. ನೋಡಿ, ಗೋಡೆ ಮೇಲೆ ಇದ್ದಾರೆ" ಎಂದು ಬೆರಳು ತೋರಿಸಿದ.

ಇನೆಸ್ ಗೋಡೆ ನೋಡಿದಳು. ಪರವಾನಗಿ ನೋಡಿದಳು. ಮತ್ತೆ ಗೋಡೆ ನೋಡಿದಳು. ಪಕ್ಕದ ಮೇಜಿನಲ್ಲಿ ವರ್ನೀಟಾ ಕಾಫಿ ಲೋಟವನ್ನು ಬಹಳ ಮೆಲ್ಲಗೆ ಕೆಳಗಿಟ್ಟಳು.

"ಆ ಪರವಾನಗಿ ನಾನೊಂದ್ಸಲ ನೋಡಬಹುದಾ?" ಎಂದಳು.

"ಅದು ಖಾಸಗಿ ಕಾಗದ" ಎಂದೆ.

"ಮೂವತ್ತೊಂದು ಡಿಸೆಂಬರ್ ಅಂತ ಇಡೀ ಕೆಫೆಗೆ ಕೇಳಿಸಿತು, ಲೋವೆಲ್. ಹಾಗಾದ್ರೆ ಆ ಬೆಳ್ಳಿ ಚಮಚ ಯಾರದ್ದು?"

ನಾನು ಅಪ್ಪನ ತೆರಿಗೆ, ಅಮ್ಮನ ಪೀಚ್ ಡಬ್ಬಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ವಿವರಿಸಿದೆ. ವಿವರಿಸಿದಷ್ಟೂ ಕೆಟ್ಟದಾಗುತ್ತಾ ಹೋಯಿತು.

"ಕಾಗದದ ಪ್ರಕಾರ ನೀನು ಸರಿ ಇದ್ದೀಯ, ನಾನೇನೂ ಮಾಡೋ ಹಾಗಿಲ್ಲ" ಎಂದಳು ಇನೆಸ್. "ಆದ್ರೆ ಮನುಷ್ಯ ಅನ್ನೋನು ಒಂದ್ಸಲ ಹುಟ್ಟಿದ್ರೆ ಒಳ್ಳೇದು. ನೀವು ನೀವೇ ಬಗೆಹರಿಸ್ಕೊಳ್ಳಿ."

ವರ್ನೀಟಾ ಬಗೆಹರಿಸಿದಳು. "ಸುಲಭ. ಡಿಸೆಂಬರ್‌ನಲ್ಲಿ ಹುಟ್ಟಿದ್ದೀನಿ ಅಂತ ಇಲ್ಲೇ ಎಲ್ಲರ ಮುಂದೆ ಹೇಳು. ಆ ಫೋಟೋ ಇಳಿಯುತ್ತೆ, ನನ್ನದು ಏರುತ್ತೆ. ಇಲ್ಲಾ, ಜನವರಿಯಲ್ಲಿ ಹುಟ್ಟಿದ್ದೀನಿ ಅನ್ನು. ಶನಿವಾರ, ಭಾನುವಾರ ಶಾಲೆಯ ಊಟದ ಹಾಲಿನಲ್ಲಿ ನನ್ನ ಕ್ಲಾಸಿದೆ. ಪೆನ್ಸಿಲ್ ತಗೊಂಡು ಬಾ."

ನಾನು ಮಾವನ ಕಡೆ ನೋಡಿದೆ. ಅವರು ಎಡಗಿವಿಯನ್ನು ಈ ಕಡೆ ತಿರುಗಿಸಿಕೊಂಡು ಎಲ್ಲ ಕೇಳಿಸಿಕೊಂಡಿದ್ದರು. "ನನ್ನ ಶಿಬಿರದ ಕಾನೂನು ಗೊತ್ತಲ್ಲ" ಎಂದರಷ್ಟೆ.

ಮನೆಗೆ ಹೋಗಿ ಅಮ್ಮನಿಗೆ ಫೋನ್ ಹಚ್ಚಿದೆ. ಅಮ್ಮ ಹೇಝಲ್ ಈಗ ಕ್ಯಾಸ್ಪರ್ ಪಟ್ಟಣದಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಾಳೆ.

"ಅಮ್ಮಾ, ನಿಜ ಹೇಳು. ನಾನು ಹುಟ್ಟಿದ್ದು ಯಾವಾಗ?"

"ನನಗೇನು ಗೊತ್ತೋ? ನಾನು ಆಗ ಗಡಿಯಾರ ನೋಡ್ತಾ ಕೂತಿದ್ನಾ?"

"ಯಾರು ನೋಡ್ತಿದ್ರು?"

"ನಿಮ್ಮಪ್ಪ. ಅದೂ ನಿನ್ನ ಮುಖ ನೋಡೋಕೆ ಮುಂಚೆ." ಆಮೇಲೆ, "ಆ ವರ್ನೀಟಾಗೆ ಚಮಚ ಮಾತ್ರ ಕೊಡ್ಬೇಡ" ಎಂದು ಫೋನಿಟ್ಟಳು.

ಆರ್ಡಿತ್ ಹೇಳಿದ್ದು ಒಂದೇ ಮಾತು. "ಡಿಸೆಂಬರ್ ಅಂತ ಒಪ್ಕೊಂಡ್ರೆ ಐದು ನಿಮಿಷದ ಕೆಲಸ, ಲೋವೆಲ್. ಆ ಕಾಗದ ಕೈಲಿಟ್ಕೊಂಡು ಅಪ್ಪನ ಜೊತೆ ಹೋಗ್ತೀಯ."

ಐದು ನಿಮಿಷದ ಕೆಲಸವೇ ಸರಿ. ಆದರೆ ಆಮೇಲೆ ಜೀವನಪೂರ್ತಿ ನಾನು ವರ್ನೀಟಾಳ ಫೋಟೋದ ಕೆಳಗೆ ಕೂತು ಕಾಫಿ ಕುಡಿಯಬೇಕು. ಇದ್ದ ಒಂದು ಪ್ರಥಮ ಸ್ಥಾನವನ್ನೂ ಬಿಟ್ಟುಕೊಟ್ಟವನನ್ನು ಎಡಗಡೆ ನಡೆಸಿಕೊಂಡು ಹೋದರೇನು ಬಂತು. ಶನಿವಾರ ಬೆಳಗ್ಗೆ ಪೆನ್ಸಿಲ್ ಕೆತ್ತಿಕೊಂಡು ಹೊರಟೆ.

ಊಟದ ಹಾಲಿನಲ್ಲಿ ಹನ್ನೊಂದು ಮಕ್ಕಳಿದ್ದರು. ಎಲ್ಲರೂ ಹತ್ತು, ಹನ್ನೊಂದು ವರ್ಷದವರು, ಎಲ್ಲರೂ ನನ್ನ ಬಸ್ಸಿನವರು. ನಾನು ಒಳಗೆ ಕಾಲಿಟ್ಟ ಕೂಡಲೇ ಹಿಂದಿನಿಂದ ಒಂದು ದನಿ, "ಬಸ್ ಅಂಕಲ್, ಕೂತ್ಕೊಳ್ಳಿ, ಕಿಟಕಿಯಿಂದ ಕೈ ಹೊರಗೆ ಹಾಕ್ಬೇಡಿ" ಎಂದಿತು. ಇದು ನಾನೇ ದಿನಾ ಹೇಳುವ ಮಾತು. ವರ್ನೀಟಾ ನನಗೆ ಮುಂದಿನ ಸಾಲಿನಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂಥ ಕುರ್ಚಿ ಕೊಟ್ಟಳು. ಎದೆಗೆ ಹೆಸರಿನ ಚೀಟಿ ಅಂಟಿಸಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಕ್ರಾಫರ್ಡ್.

"ನಾನು ಜಾರ್ಜಿಯಾದಲ್ಲಿ ಈ ಕ್ಲಾಸು ತಗೊಳ್ತೀನಿ, ಮೇಡಂ. ಸಹಾಯ ಬೇಕಾದ್ರೆ ಅಂತ ಬಂದೆ. ಲೋವೆಲ್ ಅವರು ಒಬ್ಬರೇ ಇರ್ತಾರಲ್ಲ."

ವರ್ನೀಟಾ ಬಹಳ ವರ್ಷಗಳ ಮೇಲೆ ಸುಖವಾಗಿ ನಕ್ಕಳು. ಷಡ್ಡಕನನ್ನು ಹಿಡಿಸಿಕೊಡಲು ಹೊರಟ ನಾನು ಷಡ್ಡಕನೇ ಮೇಷ್ಟ್ರಾದ ಕ್ಲಾಸಿನಲ್ಲಿ ಕೂತಿದ್ದೆ.

ಹಲಗೆಯ ಮೇಲೆ ದೊಡ್ಡದಾಗಿ "ಇಂದಿನ ಪಾಠ: ಕ್ಯಾರಿ" ಎಂದು ಬರೆದಿತ್ತು. ನಾನು ಕೈ ಎತ್ತಿದೆ. ನನಗೆ ಗೊತ್ತಿರುವ ವಿಷಯ ಬಂದರೆ ಸುಮ್ಮನಿರುವುದು ನನ್ನಿಂದಾಗದು.

"ಕ್ಯಾರಿ ಪರವಾನಗಿ ವಿಷಯ ನನಗೆ ಪೂರ್ತಿ ಗೊತ್ತು, ಟೀಚರ್. ಹೊರಗಿನವರು ಪಿಸ್ತೂಲು ಇಟ್ಕೊಳ್ಳೋದರ ಬಗ್ಗೆ."

"ಅದಲ್ಲ, ಲೋವೆಲ್. ಇಲ್ಲಿ ಕ್ಯಾರಿ ಅಂದ್ರೆ ನಡೆಯುವಾಗ ಬಂದೂಕನ್ನ ಕೈಯಲ್ಲಿ ಹಿಡ್ಕೊಳ್ಳೋ ರೀತಿ."

ಮಕ್ಕಳು ನಕ್ಕವು. "ಹಿಡ್ಕೊಳ್ಳೋದು ಹುಟ್ಟಿದಾಗಿಂದ ಗೊತ್ತು" ಎಂದೆ.

"ಯಾವಾಗ ಹುಟ್ಟಿದಾಗಿಂದ?" ಎಂದಳು ವರ್ನೀಟಾ.

ಮರದ ಬಂದೂಕೊಂದನ್ನು ನನ್ನ ಕೈಗೆ ಕೊಟ್ಟು, ಅನುಭವಸ್ಥ ಬೇಟೆಗಾರ ಹೇಗೆ ಹಿಡಿಯುತ್ತಾನೆ ತೋರಿಸು ಎಂದಳು. ನಾನು ಮಾವನನ್ನು ನೆನೆದೆ. "ನಮ್ಮ ಮಾವ ಅರವತ್ತೈದು ವರ್ಷದ ಬೇಟೆಗಾರರು. ಅವರು ಹಿಡಿಯೋದು ಹೀಗೆ" ಎಂದು ಬಂದೂಕಿನ ಹಿಂಭಾಗವನ್ನು ಬಲಗೈಯಲ್ಲಿ ಹಿಡಿದು, ನಳಿಗೆಯನ್ನು ಎಡ ಮೊಣಕೈ ಮಡಿಕೆಯಲ್ಲಿ ಮಲಗಿಸಿದೆ. "ಹೀಗೇ ನಡೀತಾರೆ. ಎಡಗಡೆ ನಾನು ಇರ್ತೀನಿ."

"ಬ್ರಿನ್ಲಿ, ಎದ್ದು ಬಾ. ನೀನು ಲೋವೆಲ್ ಅಂಕಲ್ ಆಗು" ಎಂದಳು ವರ್ನೀಟಾ.

ಎರಡು ಜಡೆಯ ಬ್ರಿನ್ಲಿ ಬಂದು ನನ್ನ ಎಡಕ್ಕೆ ನಿಂತಳು. ನಳಿಗೆಯ ಬಾಯಿ ಸರಿಯಾಗಿ ಅವಳ ಕತ್ತಿಗೆ ಗುರಿಯಿಟ್ಟಿತ್ತು. ಅವಳು ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಬಸ್ ಅಂಕಲ್" ಎಂದಳು, "ನಾನು ಸತ್ತೋದೆ."

ಹಾಲಿನಲ್ಲಿ ಯಾರೂ ನಗಲಿಲ್ಲ. ವರ್ನೀಟಾ ಕೂಡ ನಗಲಿಲ್ಲ. "ಎಷ್ಟು ವರ್ಷದಿಂದ ಎಡಗಡೆ ನಡೀತಿದ್ದೀಯ?" ಎಂದಳು.

"ಇಪ್ಪತ್ತೆಂಟು."

"ಗುಂಡು ತುಂಬಿರುತ್ತಾ?"

ನಾನು ಮರದ ಬಂದೂಕನ್ನು ಅವಳ ಕೈಗೆ ಕೊಟ್ಟೆ. ಕುರ್ಚಿಯಲ್ಲಿ ಕೂತೆ. ಕ್ರಾಫರ್ಡ್ ಮೂಲೆಯಲ್ಲಿ ಹಲಗೆ ಒರೆಸುತ್ತಿದ್ದವನು ಒರೆಸುವುದನ್ನು ನಿಲ್ಲಿಸಿದ್ದ. ಅವನ ಕೈ ತನ್ನ ಕತ್ತಿನ ಮೇಲೆ ಇತ್ತು.

ಭಾನುವಾರ ಪರೀಕ್ಷೆ. ಐವತ್ತಕ್ಕೆ ನಲವತ್ತೇಳು ಬಂತು. ಬ್ರಿನ್ಲಿಗೆ ಐವತ್ತು. ಉಳಿದ ಮೂರು ಅಂಕ ಎಲ್ಲಿ ಹೋಯಿತು ಎಂದು ನಾನು ಅವಳ ಉತ್ತರಪತ್ರಿಕೆ ತರಿಸಿ ನೋಡಿದೆ. ಆರ್ಡಿತ್ ಇದನ್ನೂ ಹೊಟ್ಟೆಕಿಚ್ಚಿನ ಪಟ್ಟಿಗೆ ಸೇರಿಸಿಕೊಂಡಿದ್ದಾಳೆ. ವರ್ನೀಟಾ ಕಾರ್ಡು ಬರೆದು, ಹುಟ್ಟಿದ ದಿನದ ಮುಂದೆ ಜನವರಿ ಒಂದು ಎಂದು ತುಂಬಿ, ನನ್ನ ಕೈಗೆ ಕೊಟ್ಟಳು.

"ಫೋಟೋ ನಿನ್ನದೇ ಇರಲಿ" ಎಂದಳು. "ನಿನಗೆ ಪಾಠ ಹೇಳಿದೆನಲ್ಲ, ಅದು ಚಮಚಕ್ಕಿಂತ ಹೆಚ್ಚು."

ಅಕ್ಟೋಬರ್ ಹದಿನೈದು ಬಂತು. ಬೆಟ್ಟದ ತಪ್ಪಲಲ್ಲಿ ಮಂಜು ಬಿದ್ದಿತ್ತು, ಬೆಳಕು ಹರಿಯುತ್ತಿತ್ತು. ಮಾವ ಪ್ಯಾನ್‌ಕೇಕ್ ಮುಗಿಸಿ, ಬಂದೂಕಿಗೆ ಗುಂಡು ತುಂಬಿ, ಎಡ ಮೊಣಕೈಯಲ್ಲಿ ಮಲಗಿಸಿಕೊಂಡು ದಾರಿಯ ನಡುವೆ ನಿಂತರು. ನಮ್ಮಿಬ್ಬರ ಬಂದೂಕು ಖಾಲಿಯಾಗಿ, ಬಾಯಿ ಮೇಲೆ ಮಾಡಿ, ಹೆಗಲಲ್ಲಿ ತೂಗುತ್ತಿದ್ದವು. ಇಬ್ಬರೂ ಪಾಠ ಓದಿಕೊಂಡವರು.

"ಹೂಂ. ಎಡಗಡೆ ಯಾರು ಬರ್ತೀರಪ್ಪ?" ಎಂದರು ಮಾವ.

ನಾನು ಹಿಂದೆ ಸ್ವಲ್ಪ ಸರಿದೆ. "ಕ್ರಾಫರ್ಡ್ ಬರಲಿ, ಮಾವ. ಅವನು ಅತಿಥಿ."

"ಛೆ ಛೆ, ಸಾರ್" ಎಂದ ಕ್ರಾಫರ್ಡ್, ನನಗಿಂತ ಎರಡು ಹೆಜ್ಜೆ ಹೆಚ್ಚು ಸರಿದು. "ಅದು ಲೋವೆಲ್ ಅವರ ಜಾಗ. ಇಪ್ಪತ್ತೆಂಟು ವರ್ಷದ್ದು."

"ಇರ್ಲಿ ತಮ್ಮಾ, ನಾನು ಬೇಕಾದಷ್ಟು ನಡೆದಿದ್ದೀನಿ."

"ಹಿರಿಯರು ಇರುವಾಗ ನಾನು ಬಂದ್ರೆ ಚೆನ್ನಾಗಿರಲ್ಲ."

"ನೀನು ಜಾರ್ಜಿಯಾದಿಂದ ಇದಕ್ಕೇ ಬಂದಿದ್ದೀಯ."

"ನೀವು ಪರೀಕ್ಷೆ ಬರೆದಿದ್ದೇ ಇದಕ್ಕೆ."

ಮಾವ ನಮ್ಮಿಬ್ಬರನ್ನೂ ತಿರುತಿರುಗಿ ನೋಡಿದರು. ಅವರು ತಿರುಗಿದಂತೆಲ್ಲ ನಳಿಗೆಯೂ ತಿರುಗುತ್ತಿತ್ತು, ನಾವು ಅದರ ದಾರಿ ತಪ್ಪಿಸಿ ಪಕ್ಕಕ್ಕೆ ಸರಿಯುತ್ತಿದ್ದೆವು. ಆಮೇಲೆ ಮುಖ ಕೆಳಗೆ ಮಾಡಿದರು.

"ಗೊತ್ತಾಯ್ತು ಬಿಡಿ" ಎಂದರು. "ವಯಸ್ಸಾಯ್ತು. ಹೇಳಿದ್ದೇ ಹೇಳ್ತೀನಿ. ನನ್ನ ಪಕ್ಕ ನಡೆಯೋಕೆ ಯಾರಿಗೂ ಬೇಡವಾಯ್ತು." ಒಬ್ಬರೇ ಹೊರಟರು.

ನನಗೆ ಅಳು ಬಂತು. ಇಪ್ಪತ್ತೆಂಟು ವರ್ಷ ಯಾವ ಜಾಗಕ್ಕಾಗಿ ಯಾರ ಮೇಲೆಲ್ಲ ಉರಿದುಕೊಂಡೆನೋ ಆ ಜಾಗ ಖಾಲಿಯಾಗಿ ಮುಂದೆ ಹೋಗುತ್ತಿತ್ತು. ಓಡಿಹೋಗಿ ಅವರ ಎದುರು ಅಲ್ಲ, ಎಡಕ್ಕೂ ಅಲ್ಲ, ಪಾಠದಲ್ಲಿ ಹೇಳಿದಂತೆ ಹಿಂದಿನಿಂದ ಬಂದು ಭುಜ ಮುಟ್ಟಿದೆ.

"ಮಾವ" ಎಂದೆ, ಎಡಗಿವಿಗೆ. "ಬಂದೂಕು ನನ್ನ ಕೈಗೆ ಕೊಡಿ. ನಾನು ಹಿಡ್ಕೊಂಡು ಬರ್ತೀನಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಅರವತ್ತೈದು ವರ್ಷದಲ್ಲಿ ಆ ಬಂದೂಕನ್ನು ಬೇರೆಯವರು ಹೊತ್ತಿದ್ದಿಲ್ಲ. ಅವರು ನನ್ನನ್ನೇ ನೋಡಿದರು.

"ಮೂರು ವರ್ಷ ಆಯ್ತು" ಎಂದರು ಮೆಲ್ಲಗೆ. "ಭುಜ ಎತ್ತಲಿಕ್ಕೆ ಬರಲ್ಲ. ಹೀಗೆ ಮಲಗಿಸ್ಕೊಳ್ಳೋದು ಹಳೇ ಅಭ್ಯಾಸ, ಈಗ ಬೇರೆ ಥರ ಹಿಡಿಯೋಕೆ ಆಗೋದೂ ಇಲ್ಲ. ಯಾವನಾದ್ರೂ ಒಬ್ಬ ಅಳಿಯ ಕೇಳ್ತಾನೇನೋ ಅಂತ ಕಾಯ್ತಿದ್ದೆ."

ಗುಂಡುಗಳನ್ನು ತೆಗೆದರು. ಬಂದೂಕು ನನಗೆ ಕೊಟ್ಟರು. ನಾನು ಉಬ್ಬಿಹೋದೆ. ಅಷ್ಟರಲ್ಲಿ ಅವರು ಕ್ರಾಫರ್ಡನನ್ನು ಕರೆದು ಐದೂ ಗುಂಡುಗಳನ್ನು ಅವನ ಅಂಗೈಗೆ ಸುರಿದರು. ಖಾಲಿ ಬಂದೂಕಿಗಿಂತ ಗುಂಡು ದೊಡ್ಡದೋ ಚಿಕ್ಕದೋ ಎಂದು ನಾನು ಲೆಕ್ಕ ಹಾಕತೊಡಗಿದೆ.

ಮೂವರೂ ಸಾಲಾಗಿ ನಡೆದೆವು. ಮಾವ ನಡುವೆ, ಕೈ ಎರಡೂ ಜೇಬಿನಲ್ಲಿ. ನಾನು ಎಡಕ್ಕೆ, ಬಂದೂಕಿನ ಬಾಯಿ ಹೊರಗೆ. ಕ್ರಾಫರ್ಡ್ ಬಲಕ್ಕೆ, ಗುಲಾಬಿ ಅಂಗಿಯಲ್ಲಿ. ಸ್ವಲ್ಪ ದೂರ ಹೋದ ಮೇಲೆ ಅವನು ಏನೋ ಹೇಳಿದ.

"ಏನಂದ?" ಎಂದು ಮಾವ ನನ್ನನ್ನು ಕೇಳಿದರು.

ಅವನು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಅವನ ಅಪ್ಪ ಅವನಿಗೆ ಒಂಬತ್ತು ವರ್ಷವಿದ್ದಾಗಲೇ ತೀರಿಕೊಂಡರಂತೆ. ಹೀಗೆ ಪಕ್ಕದಲ್ಲಿ ಕರೆದುಕೊಂಡು ನಡೆದವರು ಯಾರೂ ಇರಲಿಲ್ಲವಂತೆ. ಇದನ್ನು ಮಾವನಿಗೆ ತಲುಪಿಸಿದರೆ ನನ್ನ ಕಥೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಚಳಿ ಎನ್ನುತ್ತಿದ್ದಾನೆ ಎಂದುಬಿಟ್ಟರೆ ಕೇಳುವವರಾರು. ನನ್ನ ನಾಲಿಗೆ ತುದಿಗೆ ಚಳಿ ಬಂದಿತ್ತು. ಏನಾಯಿತೋ, ಒಂದಕ್ಷರ ಬಿಡದೆ ಅವನು ಹೇಳಿದ್ದನ್ನೇ ಹೇಳಿದೆ.

ಮಾವ ನಿಂತರು. ಕ್ರಾಫರ್ಡನ ಕೈ ಹಿಡಿದರು. "ನೀನು ಈ ಕಡೆ ಬಾ, ಮಗನೇ" ಎಂದು ಅವನನ್ನು ಎಡಕ್ಕೆ ಎಳೆದುಕೊಂಡರು. ನಾನು ಬಲಕ್ಕೆ ಹೋದೆ. ಬಂದೂಕನ್ನು ಬಲಗೈಗೆ ಬದಲಾಯಿಸಿ ಬಾಯಿ ಹೊರಕ್ಕೆ ಮಾಡಿಕೊಂಡೆ. ಹೊಟ್ಟೆ ಧಗಧಗ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಬಲಗಡೆಯಿಂದ ಮಾವನ ಮುಖ ನಾನು ಸರಿಯಾಗಿ ನೋಡಿರಲೇ ಇಲ್ಲ. ಬಹಳ ಸಣ್ಣಗಾಗಿದ್ದರು. ಈ ಕಿವಿಗೆ ಹೇಗೂ ಏನೂ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ, ಇಪ್ಪತ್ತೆಂಟು ವರ್ಷ ಎಡಗಡೆ ನಡೆದರೂ ಬಾಯಿಗೆ ಬಾರದಿದ್ದ ಮಾತನ್ನು ಆಡಿಬಿಟ್ಟೆ.

"ಮಾವ, ನೀವಂದ್ರೆ ನನಗೆ ಬಹಳ ಪ್ರೀತಿ. ನಮ್ಮಪ್ಪನಿಗಿಂತ ಹೆಚ್ಚು."

ತುಟಿ ಅಲ್ಲಾಡಿದ್ದು ಅವರಿಗೆ ಕಂಡಿರಬೇಕು. ಕ್ರಾಫರ್ಡನ ಕಡೆ ತಿರುಗಿ, "ಏನಂತೆ ಅವನಿಗೆ?" ಎಂದರು.

ಕ್ರಾಫರ್ಡ್ ನನ್ನನ್ನು ನೋಡಿದ. ಅವನಿಗೆ ಪೂರ್ತಿ ಕೇಳಿಸಿತ್ತು, ಅವನ ಮುಖದಲ್ಲೇ ಗೊತ್ತಾಗುತ್ತಿತ್ತು. ಎಲ್ಲ ಕಾಗದ ಸರಿಯಿದ್ದ ಆ ಮನುಷ್ಯ ಎರಡು ಕ್ಷಣ ಯೋಚಿಸಿದ.

"ಬೂಟು ಕಚ್ಚುತ್ತಂತೆ, ಸಾರ್" ಎಂದ.

ಆಗಲೇ ನನಗೆ ಅವನು ನಮ್ಮ ಮನೆಯವನು ಅನ್ನಿಸಿದ್ದು.